ದಾವಲಸಾಬ ಕಾಕಾನ ಮಷಿನ್ನು

ನಮ್ಮೂರಿನ ಭತ್ತ ಒಂದೇ ದಿನದಲ್ಲಿ ಹಣ್ಣಾಗುತ್ತದೆ. ಹಾಲುಗಾಳು ಕಟ್ಟಿದ ಮೇಲೆ ಎಷ್ಟೋ ದಿನ ಹಸಿರಾಗಿಯೇ ನಿಂತಿರುವ ಪೈರು, ಒಂದು ಬೆಳಿಗ್ಗೆ ಎದ್ದು ನೋಡಿದರೆ ಊರಿನ ಸುತ್ತ ಒಟ್ಟಿಗೇ ಅರಿಸಿನ ಬಳಿದ ಹಾಗೆ ಆಗಿರುತ್ತದೆ. ಅದನ್ನು ನಾವು ಬಣ್ಣ ತಿರುಗಿತು ಅನ್ನುತ್ತೇವೆ. ಆ ಒಂದು ದಿನ, ಅದರ ಮರುದಿನ, ಅಷ್ಟೇ ನಮ್ಮ ಸುಗ್ಗಿ. ಮೂರನೆಯ ಬೆಳಗಿಗೆ ಗದ್ದೆಯಲ್ಲಿ ಉಳಿದ ಕಾಳೆಲ್ಲ ತೆನೆ ಬಿಟ್ಟು ಉದುರಿ, ಬಿದ್ದ ಗಳಿಗೆಗೇ ಮಣ್ಣಾಗಿಬಿಡುತ್ತದೆ. ಅದನ್ನು ಬಳಿದು ತಂದು ಉಂಡವರು ಯಾರೂ ಇಲ್ಲ.

ಆ ದಿನ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಹಾಲುಗಾಳು ಕಟ್ಟಿದ ಹತ್ತನೆಯ ದಿನಕ್ಕೂ ಬಂದದ್ದುಂಟು, ನಲವತ್ತನೆಯ ದಿನಕ್ಕೂ ಬಂದದ್ದುಂಟು. ಹಾಗಾಗಿ ಆ ದಿನಗಳಲ್ಲಿ ಊರು ಒಂದು ಕಾಲು ಹೊರಗಿಟ್ಟೇ ಬದುಕುತ್ತದೆ. ಕ್ಷೌರದಂಗಡಿಯಲ್ಲಿ ಕೂತವರು ಅರ್ಧ ಗಡ್ಡದಲ್ಲಿ ಎದ್ದು ಓಡುತ್ತಾರೆ. ಮದುವೆ ಇಟ್ಟುಕೊಂಡವರು ಕರೆಯೋಲೆಯ ಕೆಳಗೆ ‘ಬಣ್ಣ ತಿರುಗದಿದ್ದಲ್ಲಿ’ ಅಂತ ಅಚ್ಚು ಹಾಕಿಸುತ್ತಾರೆ. ಆ ದಿನ ಹುಟ್ಟಿದ ಮಕ್ಕಳ ಹುಟ್ಟುಹಬ್ಬ ವರ್ಷವರ್ಷ ಬೇರೆ ತಾರೀಖಿಗೆ ಬರುತ್ತದೆ. ನಾನೂ ಹಾಗೆ ಹುಟ್ಟಿದವಳೇ.

ನನ್ನ ಹೆಸರು ಹಂಪಮ್ಮ. ಬಸ್ ನಿಲ್ದಾಣದ ಹಿಂದಿನ ಹಿಟ್ಟಿನ ಗಿರಣಿ ನನ್ನದು. ಅಪ್ಪ ಹೋದ ಮೇಲೆ ಗಿರಣಿ, ಕೆರೆ ಕೆಳಗಿನ ಗದ್ದೆ ಎರಡೂ ನನ್ನ ಪಾಲಿಗೆ ಬಂದವು. ಮೂವತ್ತು ವರ್ಷದಿಂದ ಬೆಲ್ಟು, ಬೇರಿಂಗು, ಗ್ರೀಸು ಇವುಗಳ ನಡುವೆಯೇ ಬದುಕಿದ್ದೇನೆ. ಅದಕ್ಕೇ ಈ ವರ್ಷ ಊರಿನವರು ನನ್ನ ಬಾಗಿಲಿಗೆ ಬಂದರು.

ಬಂದದ್ದು ಯಾಕೆಂದರೆ, ಹೊರಗಿನ ಕಟಾವು ಯಂತ್ರಗಳು ಬರುವುದಿಲ್ಲ ಅಂದುಬಿಟ್ಟಿದ್ದವು. ಹತ್ತು ವರ್ಷ ಅವೇ ನಮ್ಮ ಬೆಳೆ ಕೊಯ್ದದ್ದು. ಆದರೆ ನಮ್ಮ ಭತ್ತದ ಮರ್ಜಿ ಕಾಯುತ್ತ ವಾರಗಟ್ಟಲೆ ಶಾಲೆಯ ಬಯಲಿನಲ್ಲಿ ಅವು ಸುಮ್ಮನೆ ನಿಲ್ಲಬೇಕಿತ್ತು. ಅವುಗಳ ಡ್ರೈವರುಗಳು ಇಸ್ಪೀಟು ಆಡಿ ಆಡಿ ಬೇಸತ್ತಿದ್ದರು. ಈ ಸಲ ಫೋನು ಮಾಡಿದರೆ ಮಾಲೀಕ, “ನಿಮ್ಮ ನೆಲ್ಲು ಯಾವತ್ತು ಹಣ್ಣಾಗ್ತೀನಿ ಅಂತ ಮದ್ಲ ತಿಳಿಸಿದ್ರ ಬರ್ತೀವ್ರಿ” ಅಂದನಂತೆ.

ಕುಡುಗೋಲಿನಿಂದ ಎರಡು ದಿನದಲ್ಲಿ ಊರಿನ ಅರ್ಧ ಬೆಳೆಯೂ ಮನೆಗೆ ಬರುವುದಿಲ್ಲ. ಊರಲ್ಲೇ ಇದ್ದ ಯಂತ್ರ ಒಂದೇ. ಅದು ದಾವಲಸಾಬ ಕಾಕಾನದು. ಹಳೆಯ ಗೋದಾಮಿನ ಹಿಂದೆ, ಬೇವಿನ ಮರದ ಕೆಳಗೆ ಹನ್ನೊಂದು ವರ್ಷದಿಂದ ನಿಂತಿತ್ತು. ಬಳ್ಳಿ ಹಬ್ಬಿ ಹಬ್ಬಿ ದೂರದಿಂದ ನೋಡಿದರೆ ಅದೊಂದು ದಿಬ್ಬದ ಹಾಗೆ ಕಾಣುತ್ತಿತ್ತು.

ಅದು ನಿಂತ ಕಾರಣ ಊರಿಗೆಲ್ಲ ಗೊತ್ತಿದ್ದದ್ದೇ. ಹನ್ನೊಂದು ವರ್ಷದ ಹಿಂದೆ, ಎರಡನೆಯ ದಿನದ ಸಂಜೆ, ಊರಿನ ಗದ್ದೆಯೆಲ್ಲ ಮುಗಿದು ನಮ್ಮ ಗದ್ದೆಯೊಂದು ಬಾಕಿ ಇದ್ದಾಗ ಕಾಕಾನ ಮಷಿನ್ನು ನಮ್ಮ ಬದುವಿನ ಹತ್ತಿರ ನಿಂತಿತು. “ಒಳಗ ಪಟ್ಟಾ ಹರೀತು. ಇವತ್ತು ಆಗೂದಿಲ್ಲ” ಅಂದ ಕಾಕಾ. ಪಟ್ಟಾ ಅಂದರೆ ಬೆಲ್ಟು. ಕತ್ತಲಲ್ಲಿ ಕುಡುಗೋಲಿಗೆ ಸಿಕ್ಕ ನಾಲ್ಕು ಹೊರೆ ಬಿಟ್ಟು, ಬೆಳಿಗ್ಗೆ ನಮ್ಮ ಭತ್ತವೆಲ್ಲ ಮಣ್ಣಾಯಿತು. ಕಾಲುವೆ ನೀರಿನ ಪಾಳಿಯ ಬಗ್ಗೆ ಅಪ್ಪನಿಗೂ ಅವನಿಗೂ ಆ ವರ್ಷ ಜಗಳವಾಗಿತ್ತು. ಅಪ್ಪ ಗೋದಾಮಿನ ಮುಂದೆ ಹತ್ತು ಜನರ ಎದುರು, “ನನ್ನ ಗದ್ದಿ ಅಂತಾನ ನಿಲ್ಲಿಸೀದಿ. ನಿನ್ನ ಮಷಿನ್ ಇನ್ನ ಯಾರ ಗದ್ದಿಗೂ ಇಳೀಬಾರ್ದು” ಅಂತ ಕೂಗಾಡಿದ. ಕಾಕಾ ಮಷಿನ್ನನ್ನು ತಳ್ಳಿಸಿಕೊಂಡು ಹೋಗಿ ಬೇವಿನ ಮರದ ಕೆಳಗೆ ನಿಲ್ಲಿಸಿದವನು ಮತ್ತೆ ಅದರ ಹತ್ತಿರ ಹೋಗಲೇ ಇಲ್ಲ. ಎರಡು ವರ್ಷಕ್ಕೆ ಅಪ್ಪ ತೀರಿಹೋದ. ಅವರಿಬ್ಬರೂ ಮತ್ತೆ ಮಾತಾಡಿದ್ದನ್ನು ನಾನು ಕಾಣೆ.

ಹೀಗಿರುವಾಗ ಕೇಳಲು ಹೋಗಬೇಕಾದವಳು ನಾನೇ ಅಂತ ಎಲ್ಲರೂ ಅಂದರು. ನನಗೂ ಹಾಗೇ ಅನ್ನಿಸಿತು.

ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ನೆರಳು ಮಾತ್ರ ಕಾಣುತ್ತಿತ್ತು. ನಾನು ಬಾಯಿ ಬಿಡುವ ಮೊದಲೇ, “ಗಿರಣಿ ಹಂಪಮ್ಮ ಹೌದಲ್ಲ?” ಅಂದ.

“ಹೆಂಗ ಗೊತ್ತಾತು ಕಾಕಾ?”

“ಚಪ್ಪಲಿಗೆ ಹಿಟ್ಟು ಮೆತ್ತಿದವರ ನಡಿಗಿ ಮೆತ್ತಗ ಕೇಳ್ತೈತಿ.”

ಅವನ ಹೆಂಡತಿ ರಾಜಮಾ ಕಾಕು ನೀರು ತಂದುಕೊಟ್ಟಳು. ನಾನು ನೀರು ಕುಡಿದು, ಬಂದ ಕಾರಣ ಹೇಳಿ, ಕೊನೆಗೆ ಗಟ್ಟಿ ಮನಸ್ಸು ಮಾಡಿ, “ಅಪ್ಪ ಅಂದ ಮಾತಿಗೆ ನಾನು ತಪ್ಪಾತು ಅಂತೀನಿ ಕಾಕಾ” ಅಂದೆ.

ಅವನ ಮುಖ ಒಂದು ಥರ ಆಯಿತು. ಸಿಟ್ಟು ಅಂದುಕೊಂಡೆ. “ಆ ಮಾತು ಬ್ಯಾಡವ್ವಾ” ಅಂದ. ಕೋಲು ಹುಡುಕಿ ಹಿಡಿದುಕೊಂಡು, “ಎಂಜಿನ್ ಜಾಮ್ ಆಗಿರ್ತೈತಿ. ಮದ್ಲ ಅದನ್ನ ನೋಡೂಣು. ನನಗ ಕಣ್ಣಿಲ್ಲ, ಮೊಳಕಾಲಿಲ್ಲ. ಕೈ ನಿನ್ನವು, ಕಿವಿ ನನ್ನವು. ಆಗ್ತೈತಿ?” ಅಂದ.

ಆಗ್ತೈತಿ ಅಂದೆ.

ಬಳ್ಳಿ ಕೊಯ್ದು ತೆಗೆಯಲು ಒಂದು ದಿನ ಹಿಡಿಯಿತು. ಒಳಗೆ ಜರಡಿಗಳ ಮೇಲೆ ಇಲಿಗಳು ಸಂಸಾರ ಹೂಡಿದ್ದವು. ಹೊಗೆ ಕೊಳವೆಯಲ್ಲಿ ಗುಬ್ಬಿಗೂಡಿತ್ತು. ಡೀಸೆಲ್ ಟ್ಯಾಂಕಿನಲ್ಲಿದ್ದದ್ದು ಡೀಸೆಲ್ ಆಗಿ ಉಳಿದಿರಲಿಲ್ಲ, ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಕಾಕಾ ಬೇವಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಹೇಳುತ್ತಿದ್ದ. ನಾನು ನಾಜಲ್ ಬಿಚ್ಚಿ, ಸಿಲಿಂಡರುಗಳಿಗೆ ಸೀಮೆಎಣ್ಣೆ ಸುರಿದು, ಪ್ರತಿದಿನ ಬೆಳಿಗ್ಗೆ ಹಾರೆ ಹಾಕಿ ಎಂಜಿನ್ನಿನ ಚಕ್ರ ಮೀಟಿ ನೋಡುತ್ತಿದ್ದೆ. ಆರು ದಿನ ಅದು ಕಲ್ಲಿನ ಹಾಗೆ ಕೂತಿತ್ತು. ಏಳನೆಯ ದಿನ ಕೂದಲಿನಷ್ಟು ಅಲುಗಿತು. ನನಗೆ ಅಲುಗಿದ್ದು ಗೊತ್ತಾಗಲಿಲ್ಲ, ಕಟ್ಟೆಯ ಮೇಲಿಂದ ಕಾಕಾ, “ಹಾಂ! ಬಿಟ್ಟಿತು!” ಅಂತ ಕೂಗಿದ.

ಒಳಗಿನ ಬೆಲ್ಟುಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಹೊಸದಕ್ಕೆ ಹೇಳಿಕಳಿಸಿದರೆ ಬರುವಷ್ಟರಲ್ಲಿ ಬಣ್ಣ ತಿರುಗಿಬಿಡಬಹುದಿತ್ತು. ನನ್ನ ಗಿರಣಿಯವನ್ನೇ ಬಿಚ್ಚಿ ತಂದು ಹಾಕಿದೆ. ಊರಿಗೆ ಹಿಟ್ಟಿಲ್ಲದಾಯಿತು. ಮೂಲೆ ಸೇರಿದ್ದ ಬೀಸುವ ಕಲ್ಲುಗಳು ಹೊರಗೆ ಬಂದವು. “ರಟ್ಟಿ ಬಿದ್ದು ಹೋದವು ನಿನ್ನಿಂದ” ಅಂತ ಒಬ್ಬಳು ಬಯ್ದಳು, ಬಯ್ದು ಎರಡು ರೊಟ್ಟಿ ಕಟ್ಟಿಕೊಟ್ಟು ಹೋದಳು.

ಹನ್ನೆರಡನೆಯ ದಿನ ನಾನು ಮುಂದಿನ ಕೊಯ್ಯುವ ಪಟ್ಟಿಗೆ ಬಂದೆ. ಪೈರು ಕತ್ತರಿಸುವ ಬ್ಲೇಡುಗಳು, ಅವುಗಳ ಮುಂದೆ ಬೆರಳಿನ ಹಾಗೆ ಚಾಚಿಕೊಂಡಿರುವ ಕಬ್ಬಿಣದ ಹಲ್ಲುಗಳು ಅಲ್ಲಿಯೇ ಇರುವುದು. ತುಕ್ಕು ಉಜ್ಜುತ್ತ ಹೋದರೆ ಎಡಗಡೆ ಸಾಲಾಗಿ ಆರು ಹಲ್ಲು ಒಳಕ್ಕೆ ಬಾಗಿದ್ದವು. ಅವುಗಳ ಹಿಂದಿನ ಬ್ಲೇಡುಗಳು ಮುರಿದಿದ್ದವು. ಬೆಲ್ಟು ಹರಿದರೆ ಹೀಗಾಗುವುದಿಲ್ಲ. ನಾನು ಹನ್ನೊಂದು ವರ್ಷದ ಹಳೆಯ ಬೆಲ್ಟುಗಳನ್ನೆಲ್ಲ ಬಿಚ್ಚಿದ್ದೆ. ಒಣಗಿದ್ದವು ನಿಜ, ಆದರೆ ಒಂದೂ ಹರಿದಿರಲಿಲ್ಲ. ಅದು ನನಗೆ ಆಗ ಹೊಳೆಯಿತು.

“ಕಾಕಾ, ಇಲ್ಲಿ ಆರು ಹಲ್ಲು ಬಾಗ್ಯಾವು” ಅಂದೆ.

ಊಟದ ಬುತ್ತಿ ತಂದಿದ್ದ ರಾಜಮಾ ಕಾಕು ಬುತ್ತಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

“ನಿದ್ದಿ ಬಂದಿತ್ತವ್ವಾ” ಅಂದ ಕಾಕಾ. “ಎರಡು ದಿನದಾಗ ಮೈ ನೆಲಕ್ಕ ಹಚ್ಚಿದ್ದಿಲ್ಲ. ಕಣ್ಣು ಮುಚ್ಚಿದ್ದು ಒಂದು ಉಸಿರಿನಷ್ಟು ಹೊತ್ತು. ಬದುವಿನ ಕಲ್ಲಿಗೆ ಹೋಗಿ ಬಡೀತು.”

“ಮತ್ತ ಪಟ್ಟಾ ಹರೀತು ಅಂದೆಲ್ಲ?”

“ಅಂದೆ. ಊರಿನ ನೆಲ್ಲೆಲ್ಲ ನನ್ನ ಕೈಯಾಗ ಕೊಟ್ಟು ಕೂತಾರ, ನಾನು ನಿದ್ದಿ ಮಾಡಿದೆ ಅಂತ ಹೆಂಗ ಹೇಳಲಿ? ಖರೇ ಹೇಳಿದ್ರ ಕಮ್ಮಾರ ಬಂದು ಒಂದು ತಾಸಿನ್ಯಾಗ ಹಲ್ಲು ನೆಟ್ಟಗ ಮಾಡ್ತಿದ್ದ. ನಿಮ್ಮ ಗದ್ದಿ ಆಗಿಹೋಗ್ತಿತ್ತು. ನಾಚಿಕಿ ಆತು, ಸುಳ್ಳು ಹೇಳಿದೆ. ನಿಮ್ಮ ನೆಲ್ಲು ಹೋಗಿದ್ದು ಕಲ್ಲಿನಿಂದಲ್ಲ ಮಗಳ, ನನ್ನ ಸುಳ್ಳಿನಿಂದ. ನಿಮ್ಮಪ್ಪ ಅಂದ ಮಾತಿಗೆ ತಪ್ಪಾತು ಅಂದೆಲ್ಲ ನೀನು, ಆವತ್ತು ನನಗ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು.”

ನಾನು ಬೋಲ್ಟ್ ಬಿಚ್ಚುವ ಪಾನಾ ಕೆಳಗಿಟ್ಟು ಗಿರಣಿಗೆ ಬಂದುಬಿಟ್ಟೆ.

ಬೆಲ್ಟಿಲ್ಲದ ಗಿರಣಿಯಲ್ಲಿ ಸುಮ್ಮನೆ ಕೂತೆ. ಆ ವರ್ಷ ನೆನಪಾಯಿತು. ಮನೆಮನೆಯವರು ತಂದು ಹಾಕಿದ ಅಕ್ಕಿಯನ್ನು ಅಪ್ಪ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ. ಕೊಟ್ಟವರಲ್ಲಿ ಯಾರೂ ಅದನ್ನು ಬಾಯಿ ಬಿಟ್ಟು ಆಡಿದವರಲ್ಲ, ಆದರೂ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಸಿಟ್ಟು ಬಂತು ನನಗೆ, ಇಲ್ಲವೆನ್ನುವುದಿಲ್ಲ. ಬೇಕಾದಷ್ಟು ಬಂತು. ಅದು ಸ್ವಲ್ಪ ಇಳಿದ ಮೇಲೆ ಇನ್ನೊಂದು ಯೋಚನೆ ಬಂತು. ಬೆಲ್ಟು ಹರಿಯಿತು ಅಂದಾಗ ನಾನು, ಮಷಿನ್ನು ನಿಂತದ್ದು ಕಂಡು ಓಡಿ ಬಂದು, ಅಲ್ಲೇ ಬದುವಿನ ಮೇಲೆ ನಿಂತಿದ್ದೆ. ಬೆಲ್ಟಿನ ಕೆಲಸ ಬಲ್ಲವಳು ನಾನೇ. ಬಗ್ಗಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಬೇಕು ಅಂತಲೇ ನಿಲ್ಲಿಸಿದ ಅಂತ ಅಪ್ಪ ನಂಬಿದ, ಅಪ್ಪ ಹೇಳಿದ್ದನ್ನು ನಾನು ನಂಬಿದೆ. ನೋಡುವುದು ಯಾರಿಗೂ ಬೇಡವಾಗಿತ್ತು. ಎರಡು ದಿನ ನಿದ್ದೆಯಿಲ್ಲದೆ ದುಡಿಯುತ್ತಿದ್ದವನಿಗೆ ಸ್ವಲ್ಪ ಮಲಗು ಅಂತ ಹೇಳುವುದೂ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಬಂದು ಕೂತಿದ್ದ. ಬರುತ್ತೇನೋ ಇಲ್ಲವೋ ಅಂತ ಕಾಯುತ್ತಿದ್ದವನ ಹಾಗೆ ಎರಡೂ ಕೈ ಕೋಲಿನ ಮೇಲಿಟ್ಟಿದ್ದ.

“ಕಾಕಾ, ಹಲ್ಲು ಬಿಚ್ಚಿ ಮೌನೇಶಣ್ಣನ ಕಡೆ ಒಯ್ತೀನಿ. ಬ್ಲೇಡು ಎಷ್ಟು ದಪ್ಪ ಮಾಡಂತ ಹೇಳಲಿ?” ಅಂದೆ.

ಅವನು ಬೆರಳು ಎತ್ತಿ ಅಳತೆ ತೋರಿಸಿದ.

ಮೌನೇಶಣ್ಣ ನಮ್ಮೂರ ಕಮ್ಮಾರ. ಹನ್ನೊಂದು ವರ್ಷದ ತುಕ್ಕು ತಿಂದ ಹಲ್ಲುಗಳನ್ನು ಮುರಿಯದ ಹಾಗೆ ಮೂರು ದಿನ ಕುಲುಮೆ ಆರಿಸದೆ ನೆಟ್ಟಗೆ ಮಾಡಿದ, ಹಳೆಯ ಗರಗಸದ ತಗಡಿನಿಂದ ಬ್ಲೇಡು ಕತ್ತರಿಸಿ ಕೊಟ್ಟ. ಹಲ್ಲು ಬಾಗಿದ್ದು ಹೇಗೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲ ಜೋಡಿಸಿ, ಹೊಸ ಡೀಸೆಲ್ ತುಂಬಿಸಿ, ಸ್ಟಾರ್ಟ್ ಮಾಡಲು ನಾಳೆ ಬಸ್ಸಿನ ಬ್ಯಾಟರಿ ಬಿಚ್ಚಿ ತರೋಣ ಅಂದುಕೊಂಡು ಮನೆಗೆ ಹೋದೆವು. ಬೆಳಿಗ್ಗೆ ಎದ್ದರೆ ಬೀದಿಯಲ್ಲಿ ಕೂಗು. ಬಣ್ಣ ತಿರುಗಿತ್ತು.

ಜನರೆಲ್ಲ ಕುಡುಗೋಲು ಹಿಡಿದು ಗದ್ದೆಗೆ ಓಡಿದರು. ಬಸ್ಸಿನ ಡ್ರೈವರ್ ಬ್ಯಾಟರಿಯನ್ನು ತಾನೇ ಹೊತ್ತು ತಂದು ಇಟ್ಟು, ತಾನೂ ಗದ್ದೆಗೆ ಓಡಿದ. ಮಷಿನ್ನಿನ ಹತ್ತಿರ ನಾನು, ಕಾಕಾ, ಮೌನೇಶಣ್ಣ ಮೂವರೇ ಉಳಿದೆವು. ಕೀಲಿ ತಿರುಗಿಸಿದೆ. ಎಂಜಿನ್ನು ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದೆ. ಮತ್ತೆ ಅಷ್ಟೇ.

“ಪೈಪಿನ್ಯಾಗ ಗಾಳಿ ಐತಿ” ಅಂದ ಕಾಕಾ. “ಪಂಪಿನ ಮ್ಯಾಲಿನ ಬೋಲ್ಟ್ ಸಡಿಲ ಮಾಡು. ನೊರಿ ನಿಂತು ಬರೇ ಡೀಸೆಲ್ ಬರೂ ತನಕ ಕೈಪಂಪು ಒತ್ತು.”

ಒತ್ತಿದೆ. ನೊರೆ ಬಂತು, ಬರುತ್ತಲೇ ಇತ್ತು. ಹೊತ್ತು ಏರುತ್ತಿತ್ತು. ನನ್ನ ಹೆಬ್ಬೆರಳಿನ ತೊಗಲು ಕಿತ್ತು ಬಂತು, ಮೌನೇಶಣ್ಣ ಒತ್ತತೊಡಗಿದ. ಕಾಕಾ ಕಟ್ಟೆಯಿಂದ ಇಳಿದು ಬಂದು, ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ತಡವುತ್ತ ಹೋದ. ಒಂದು ಕಡೆ ನಿಂತ. “ಇಲ್ಲಿ ಉಸಿರು ತಗೊಳ್ಳಾಕತ್ತೈತಿ. ವಾಷರ್ ಸೀಳೈತಿ” ಅಂದ. ನನ್ನ ಕಣ್ಣಿಗೆ ಕಾಣದ ಸೀಳು ಅದು. ಮೌನೇಶಣ್ಣ ಒಂದು ತಾಮ್ರದ ಚೂರು ತಟ್ಟಿ ವಾಷರ್ ಮಾಡಿಕೊಟ್ಟ. ಹಾಕಿ, ಬಿಗಿದು, ಗಾಳಿ ತೆಗೆದು, ಕೀಲಿ ತಿರುಗಿಸಿದೆ.

ಹನ್ನೊಂದು ವರ್ಷದ ಮಸಿಯೆಲ್ಲ ಒಮ್ಮೆಲೇ ಹೊಗೆ ಕೊಳವೆಯಿಂದ ಹೊರಗೆ ಬಿತ್ತು. ಮಷಿನ್ನು ಮೈಯೆಲ್ಲ ನಡುಗಿ, ಕೆಮ್ಮಿ, ಒಂದು ಲಯಕ್ಕೆ ಬಂತು. ಆ ಸದ್ದು ಕೇಳಿ ಹತ್ತಿರದ ಗದ್ದೆಗಳಲ್ಲಿದ್ದವರು ಕುಡುಗೋಲು ಹಿಡಿದುಕೊಂಡೇ ಓಡಿ ಬಂದರು. ಬಿಚ್ಚಿ ಜೋಡಿಸಿದವಳು ನಾನು, ಹಾಗಾಗಿ ಓಡಿಸುವವಳೂ ನಾನೇ ಅಂತ ಮೊದಲೇ ಮಾತಾಗಿತ್ತು. ಕಾಕಾ ಪಕ್ಕದಲ್ಲಿ ಕೂತು ಹೇಳಬೇಕು. ನಾಲ್ಕು ಜನ ಅವನನ್ನು ಎತ್ತಿ ಮೇಲೆ ಕೂರಿಸಲು ಬಂದರು. ಅವನು ಏಣಿಯ ಸರಳು ಹಿಡಿದು ನಿಂತುಬಿಟ್ಟ.

“ಒಂದು ಮಾತು ಹೇಳಿ ಹತ್ತತೀನಿ. ಆವತ್ತು ಪಟ್ಟಾ ಹರಿದಿದ್ದಿಲ್ಲ. ನಾನು ನಿದ್ದಿ ಹೋಗಿ ಕಲ್ಲಿಗೆ ಗುದ್ದಿದ್ದೆ. ಸುಳ್ಳು ಹೇಳಿ ಇವರಪ್ಪನ ನೆಲ್ಲು ಕಳದೆ” ಅಂದ, ಎಂಜಿನ್ನಿನ ಸದ್ದಿಗಿಂತ ಗಟ್ಟಿಯಾಗಿ.

ಕೆಲವರು ನನ್ನ ಮುಖ ನೋಡಿದರು. ಕೊನೆಗೆ ಮೌನೇಶಣ್ಣ, “ಆತು, ಕೇಳಿದ್ವಿ. ಈಗ ಹತ್ತು ಕಾಕಾ, ಹೊತ್ತು ಹೋಗಾಕತ್ತೈತಿ” ಅಂದ.

ನಾನು ಸೈಕಲ್ಲು ಬಿಟ್ಟು ಬೇರೇನೂ ಓಡಿಸಿದವಳಲ್ಲ. ಮೊದಲ ಗದ್ದೆಯಲ್ಲಿ ಕೈ ಕಾಲು ನನ್ನ ಮಾತು ಕೇಳಲಿಲ್ಲ. ಕಾಕಾ ಕಿವಿಯಿಂದಲೇ ಎಲ್ಲ ನೋಡುತ್ತಿದ್ದ. “ಮುಂದಿಂದು ಎತ್ತು, ಮಣ್ಣು ತಿನ್ನಾಕತ್ತೈತಿ.” “ನಿಧಾನ, ಜರಡಿ ತುಂಬೈತಿ.” “ಈಗ ಬಿಡು, ಈಗ ಹೊಟ್ಟಿ ಹಗುರಾಗೈತಿ.” ಮೂರನೆಯ ಗದ್ದೆಗೆ ಬರುವಷ್ಟರಲ್ಲಿ ಅವನು ಹೇಳುವ ಮೊದಲೇ ನನಗೂ ಕೇಳತೊಡಗಿತು. ಹಿಂದೆ ಚೀಲಗಳು ತುಂಬುತ್ತಿದ್ದವು. ಅಡ್ಡಾದಿಡ್ಡಿ ಮೂಲೆಗಳನ್ನು ಜನ ಕುಡುಗೋಲಿನಿಂದ ಕೊಯ್ದು ದಾರಿ ಮಾಡಿಕೊಡುತ್ತಿದ್ದರು. ಕತ್ತಲಾದ ಮೇಲೆ ಟ್ರ್ಯಾಕ್ಟರುಗಳ ದೀಪ ಹಚ್ಚಿಕೊಂಡು ಬೆಳಗಿನ ತನಕ ಕೊಯ್ದೆವು.

ಎರಡನೆಯ ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕಾಕಾ ನನ್ನ ಭುಜ ಹಿಡಿದ. “ನಿಲ್ಲಿಸು.”

“ಯಾಕ ಕಾಕಾ? ಸದ್ದು ಚಲೋ ಐತೆಲ್ಲ?”

“ಮಷಿನ್ ಚಲೋ ಐತಿ. ನೀನು ಸರಿ ಇಲ್ಲ. ಎರಡು ಸಲ ಎಡಕ್ಕ ಎಳದಿ. ನಿಲ್ಲಿಸಿ ಮಲ್ಕೋ.”

“ಇನ್ನ ಭಾಳ ಗದ್ದಿ ಉಳದಾವು ಕಾಕಾ!”

“ಉಳೀಲಿ. ಒಂದು ತಾಸು ಮಲ್ಕೋ ಅಂದೆ.”

ಕೆಳಗೆ ನಿಂತವರಲ್ಲಿ ಗದ್ದೆ ಇನ್ನೂ ಬಾಕಿ ಇದ್ದವರೇ ಹೆಚ್ಚಿದ್ದರು. ಒಂದು ತಾಸು ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಯಾರಾದರೂ ಬೇಡ ಅಂದರೆ ನಾನು ನಿಲ್ಲಿಸುತ್ತಿರಲಿಲ್ಲ. ಯಾರೂ ಅನ್ನಲಿಲ್ಲ. ಗೋಣಿಚೀಲ ಹಾಸಿದರು. ನಾನು ಗದ್ದೆಯ ನಡುವೆ, ಕೊಯ್ದ ಕೂಳೆಯ ಮೇಲೆ ಬಿದ್ದುಕೊಂಡೆ. ತಲೆ ನೆಲಕ್ಕೆ ತಾಗಿದ್ದು ನೆನಪಿಲ್ಲ.

ಎಚ್ಚರವಾದಾಗ ಮುಖದ ಮೇಲೆ ಬಿಸಿಲಿರಲಿಲ್ಲ. ಕಣ್ಣು ಬಿಟ್ಟು ನೋಡಿದೆ. ರಾಜಮಾ ಕಾಕು, ರಟ್ಟೆ ಬಿತ್ತು ಅಂತ ಬಯ್ದಿದ್ದ ಆ ಹೆಂಗಸು, ಇನ್ನಿಬ್ಬರು ಸೇರಿ ಒಂದು ಸೀರೆಯ ನಾಲ್ಕು ಚುಂಗು ಹಿಡಿದು ನನ್ನ ಮೇಲೆ ನೆರಳು ಮಾಡಿಕೊಂಡು ನಿಂತಿದ್ದರು. ಸೋತ ಕೈ ಬದಲಿಸಿ ಬದಲಿಸಿ ಹಿಡಿಯುತ್ತಿದ್ದರು. ಸುತ್ತ ಉಳಿದವರು ಕುಡುಗೋಲಿನಿಂದ ತಮ್ಮ ಪಾಡಿಗೆ ಕೊಯ್ಯುತ್ತಿದ್ದರು, ಒಬ್ಬರೂ ದನಿ ಎತ್ತಿರಲಿಲ್ಲ. ಪಕ್ಕದಲ್ಲಿ ಮಷಿನ್ನಿನ ಗಾಲಿಗೆ ಒರಗಿ ಕಾಕಾ ಕೂತಿದ್ದ. ಅವನು ಮಲಗಿರಲಿಲ್ಲ. ನನ್ನ ಉಸಿರಾಟ ಕೇಳುತ್ತ ಕೂತಿದ್ದ ಅಂತ ಆಮೇಲೆ ಕಾಕು ಹೇಳಿದಳು.

ನನಗೆ ಅಳು ಬಂತು. ಅಪ್ಪನ ಗದ್ದೆಯ ಭತ್ತ ಹೋದಾಗ ಅತ್ತಿರಲಿಲ್ಲ, ಅಪ್ಪ ಹೋದಾಗಲೂ ಇಷ್ಟು ಅತ್ತಿರಲಿಲ್ಲ. ಅವರೆಲ್ಲರಿಗೂ ಕೈ ಮುಗಿಯಬೇಕು ಅನ್ನಿಸಿತು. “ಅಳೂದು ಆಮ್ಯಾಲ, ಮದ್ಲ ನೀರು ಕುಡಿ” ಅಂದಳು ಕಾಕು.

ಮತ್ತೆ ಹತ್ತಿದೆ. ಮೈ ಹಗುರಾಗಿತ್ತು. ನಮ್ಮ ಗದ್ದೆ ಮುಗಿಯಿತು, ಅದರ ಆಚೆಯವೂ ಮುಗಿದವು. ಹೊತ್ತು ಇನ್ನೂ ಒಂದು ಮಾರು ಮೇಲಿರುವಾಗಲೇ ಇಡೀ ಊರಿನಲ್ಲಿ ಒಂದೇ ಒಂದು ಪಟ್ಟಿ ಉಳಿದಿತ್ತು. ಮೌನೇಶಣ್ಣನ ಗದ್ದೆಯ ಕೊನೆಯ ಸಾಲು.

ಎಂಜಿನ್ ಆರಿಸದೆ ಮಷಿನ್ನು ನಿಲ್ಲಿಸಿ ನಾನು ಎದ್ದೆ. “ಕಾಕಾ, ಇದು ನಿನ್ನದು. ಬಾ, ಇಲ್ಲಿ ಕೂಡು.”

“ಹುಚ್ಚೇನವ್ವಾ? ನನಗೇನು ಕಾಣ್ತೈತಿ?”

“ಇವತ್ತು ಕಣ್ಣು ನನ್ನವು.”

ಅವನು ಮೌನೇಶಣ್ಣನ ಕಡೆ ಮುಖ ತಿರುಗಿಸಿದ. ಮೌನೇಶಣ್ಣ ಕೆಳಗಿನಿಂದ, “ಗದ್ದಿ ನಂದು, ಕೂಡು ಅಂತೀನಿ. ಬದುವಿನ ಮ್ಯಾಲ ನಾನ ನಿಂದರ್ತೀನಿ, ನನಗ ಗುದ್ದಬ್ಯಾಡ ಮತ್ತ” ಅಂದ. ಎಲ್ಲರೂ ನಕ್ಕರು.

ಕಾಕಾ ಸರಿದು ಬಂದು ಕೂತ. ಸ್ಟೇರಿಂಗಿನ ಸುತ್ತ ಎರಡೂ ಅಂಗೈ ಒಂದು ಸಲ ಸವರಿದ. ನಾನು ಪಕ್ಕದಲ್ಲಿ ನಿಂತು, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಸಾಕು, ಬಲಕ್ಕೆ ಅಂತ ಹೇಳುತ್ತ ಹೋದೆ. ಮಷಿನ್ನು ಹೊರಟಿತು. ಒಮ್ಮೆ ಸಾಲು ಬಿಟ್ಟು ಹೊರಗೆ ಹೋಯಿತು, ಒಮ್ಮೆ ಕೊಯ್ದ ಕೂಳೆಯ ಮೇಲೇ ಓಡಿತು. ಅವನ ಕೈಗಳಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಬದುವಿನ ಹತ್ತಿರ ಬಂದಾಗ ನಾನು ನಿಲ್ಲು ಅನ್ನುವ ಮೊದಲೇ ನಿಲ್ಲಿಸಿದ. ಎಂಜಿನ್ನು ಆರಿಸಿ, ಕೈ ಹಾಗೇ ಸ್ಟೇರಿಂಗಿನ ಮೇಲಿಟ್ಟುಕೊಂಡು ಕೇಳಿದ.

“ಸಾಲು ನೆಟ್ಟಗ ಬಂತೇನವ್ವಾ?”

ನಾನು ತಿರುಗಿ ನೋಡಿದೆ. ಹಾವು ಹರಿದ ಹಾಗಿತ್ತು. ನಡುನಡುವೆ ಗಿಡ್ಡ ಗೋಡೆಗಳ ಹಾಗೆ ಕೊಯ್ಯದ ಭತ್ತ ನಿಂತಿತ್ತು. ರಾಜಮಾ ಕಾಕು ಆಗಲೇ ಸೆರಗು ಸಿಕ್ಕಿಸಿ, ಕುಡುಗೋಲು ಹಿಡಿದು ಆ ಕಡೆ ಹೊರಟಿದ್ದಳು. ಅವಳ ಹಿಂದೆ ಇಡೀ ಊರು ಹೊರಟಿತ್ತು.

“ಇಲ್ಲ ಕಾಕಾ. ಭಾಳ ಸೊಟ್ಟ ಬಂದೈತಿ” ಅಂದೆ.

ಅವನು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವನು ನಕ್ಕದ್ದನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದ್ದು. ನಾನೂ ನಕ್ಕೆ. ಇಬ್ಬರೂ ಆ ಮೇಲಿನ ಸೀಟಿನಲ್ಲಿ ಕೂತು, ಊರಿನವರೆಲ್ಲ ಬಗ್ಗಿ ಅವನ ಸೊಟ್ಟ ಸಾಲನ್ನು ಕೊಯ್ದು ಮುಗಿಸುವ ಸದ್ದು ಕೇಳುತ್ತಿದ್ದೆವು.